ನಮ್ಮ ಬೀದಿ ಮತ್ತೆ ಕಳೆಗಟ್ಟಬೇಕೇ? ಮೂರು ವರ್ಷದ ಲೆಕ್ಕ ಇಟ್ಟುಕೊಂಡು ಹೊರಡಿ

"ನಮ್ಮ ಬೀದಿಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ, ಎಲ್ಲಿಂದ ಶುರು ಮಾಡುವುದು?" ತುಮಕೂರಿನ ಚಿಕ್ಕಪೇಟೆ, ಮಂಡಿಪೇಟೆಯ ಸುತ್ತಿನ ಹಳೆಯ ಬೀದಿಗಳವರು ಇದನ್ನೇ ಕೇಳುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಓದುಗರು ಬರೆದು ಕೇಳುವುದೂ ಇದನ್ನೇ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಹಿಂದೊಮ್ಮೆ ಎಲ್ಲರೂ ಸೇರಿ ಮಾಡಿದ್ದೆವು. ಆರು ತಿಂಗಳಲ್ಲಿ ಮೊದಲಿನ ಹಾಗೇ ಆಯಿತು. ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು."

ಈ ಎರಡನೆಯ ಮಾತನ್ನು ಬಗೆಹರಿಸದೆ ಮೊದಲನೆಯದಕ್ಕೆ ಉತ್ತರ ಕೊಟ್ಟರೆ ಉಪಯೋಗವಿಲ್ಲ. ನಾನು ನೋಡಿದ ಮಟ್ಟಿಗೆ ಜನ ಕೈಬಿಡುವುದು ನಾಲ್ಕನೆಯ ತಿಂಗಳಿಗೂ ಎಂಟನೆಯ ತಿಂಗಳಿಗೂ ನಡುವೆ. ಮೊದಲ ಉತ್ಸಾಹ ಆಗ ಇಳಿದಿರುತ್ತದೆ, ಪಾಲಿಕೆಗೆ ಕೊಟ್ಟ ಅರ್ಜಿಯ ಫಲ ಇನ್ನೂ ಬಂದಿರುವುದಿಲ್ಲ. ಈ ಖಾಲಿ ತಿಂಗಳುಗಳು ಬಂದೇ ಬರುತ್ತವೆ ಎಂದು ಮೊದಲೇ ಗೊತ್ತಿದ್ದವರು ಉಳಿಯುತ್ತಾರೆ. ಗೊತ್ತಿಲ್ಲದವರು "ಈ ಊರು ಉದ್ಧಾರವಾಗುವುದಿಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಏನು ಮಾಡಬೇಕು ಎಂಬುದರ ಜೊತೆಗೆ ಯಾವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನೂ ಬರೆದಿದ್ದೇನೆ.

ಒರಟು ಲೆಕ್ಕ ಹೀಗಿರಲಿ. ಆರಿದ ಬೀದಿದೀಪ, ಕಟ್ಟಿಕೊಂಡ ಮೋರಿಯಂಥವು ವಾರ ಹದಿನೈದು ದಿನದ ಕೆಲಸ. ಮೂಲೆಯ ಕಸದ ಗುಡ್ಡೆ ಮೂರು ತಿಂಗಳಿನದು. ಹೊಸ ಚರಂಡಿಗೆ, ರಸ್ತೆಗೆ ಒಂದರಿಂದ ಎರಡು ವರ್ಷ. ಮರಕ್ಕೆ, ಅಂಗಡಿಗಳಿಗೆ, ಜನರ ಅಭ್ಯಾಸಕ್ಕೆ ಮೂರು ವರ್ಷ. ಹೋಲಿಸಿ ನೋಡಲು ಒಂದು ದೊಡ್ಡ ಉದಾಹರಣೆ ಕೊಡುತ್ತೇನೆ. ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆ 2015ರ ಜೂನ್‌ನಲ್ಲಿ ಐದು ವರ್ಷದ ಗುರಿಯೊಂದಿಗೆ ಆರಂಭವಾಯಿತು. ತುಮಕೂರು ಅದಕ್ಕೆ ಆಯ್ಕೆಯಾದದ್ದು 2016ರ ಸೆಪ್ಟೆಂಬರ್‌ನಲ್ಲಿ. ಯೋಜನೆಯ ಅವಧಿ ವಿಸ್ತರಣೆಯಾಗುತ್ತ ಹೋಗಿ ಮುಗಿದದ್ದು 2025ರ ಮಾರ್ಚ್ 31ಕ್ಕೆ. ಹಣ, ಎಂಜಿನಿಯರು, ಕಚೇರಿ ಎಲ್ಲ ಇದ್ದ ಯೋಜನೆಗೇ ಸುಮಾರು ಹತ್ತು ವರ್ಷ ಹಿಡಿಯಿತು. ಭಾನುವಾರದ ಬೆಳಿಗ್ಗೆ ಮಾತ್ರ ಬಿಡುವಿರುವ ನೀವು ಮೂರು ವರ್ಷ ಇಟ್ಟುಕೊಂಡರೆ ಅದು ನಿಧಾನವೇನಲ್ಲ.

ಏನೇನು ಬೇಕು?

ಒಂದೇ ಬೀದಿ ಅಥವಾ ಅಕ್ಕಪಕ್ಕದ ಎರಡು ಬೀದಿ, ಹೆಚ್ಚೆಂದರೆ 60–80 ಮನೆ. ಇಡೀ ವಾರ್ಡ್ ಸರಿಮಾಡುತ್ತೇವೆ ಎಂದು ಹೊರಡಬೇಡಿ. ಒಪ್ಪಿ ಬರುವ ಐದು ಮನೆ. ನೂರು ಪುಟದ ಒಂದು ನೋಟ್‌ಬುಕ್. ಫೋಟೊ ತೆಗೆಯಲು ಮೊಬೈಲ್. ವಾರಕ್ಕೆ ಎರಡು ಗಂಟೆ. ಆರಂಭದಲ್ಲಿ ಸಂಘ, ಬ್ಯಾನರ್, ರಸೀದಿ ಪುಸ್ತಕ ಯಾವುದೂ ಬೇಡ.

ಹಂತ 1: ಬೀದಿಯನ್ನು ಮೂರು ಹೊತ್ತು ನಡೆದು ನೋಡಿ

ಹುಟ್ಟಿದಾಗಿನಿಂದ ಇದೇ ಬೀದಿಯಲ್ಲಿದ್ದೇನೆ, ನೋಡುವುದೇನಿದೆ ಅನ್ನಬೇಡಿ. ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ, ಜೋರು ಮಳೆ ಬಂದಾಗ ಇನ್ನೊಮ್ಮೆ ನಡೆಯಿರಿ. ಬೆಳಿಗ್ಗೆ ಕಸ ಯಾರು ಎಲ್ಲಿ ಇಡುತ್ತಾರೆ ಎಂದು ಕಾಣುತ್ತದೆ. ರಾತ್ರಿ ಯಾವ ಕಂಬದಡಿ ಕತ್ತಲು, ಹೆಣ್ಣುಮಕ್ಕಳು ಯಾವ ತಿರುವಿನಲ್ಲಿ ಹೆಜ್ಜೆ ಜೋರು ಮಾಡುತ್ತಾರೆ ಎಂದು ಕಾಣುತ್ತದೆ. ಮಳೆಯಲ್ಲಿ ನೀರು ಯಾವ ಮನೆಯ ಹೊಸ್ತಿಲಿಗೆ ತಿರುಗುತ್ತದೆ ಎಂದು ಗೊತ್ತಾಗುತ್ತದೆ.

ಒಂದು ಸುತ್ತಿಗೆ ಅಂಗನವಾಡಿ ಶಿಕ್ಷಕಿಯನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆಯಿರಿ. ಪ್ರತಿ ಮನೆಯ ಒಳಗನ್ನೂ ಬಲ್ಲವರು ಅವರು. ನೀರುಗಂಟಿಯನ್ನು ಮಾತನಾಡಿಸಿ, ಯಾವ ವಾಲ್ವ್ ಸೋರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಪೌರಕಾರ್ಮಿಕರನ್ನು ಕೇಳಿ, ಮೋರಿ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಅವರಷ್ಟು ಖಚಿತವಾಗಿ ಹೇಳುವವರು ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ನೋಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಮೂರು ಪಟ್ಟಿಯಾಗಿ ಬರೆಯಿರಿ: ನಾವೇ ಮಾಡಬಹುದಾದದ್ದು, ಒಂದು ದೂರಿನಿಂದ ಆಗುವಂಥದ್ದು, ಸರ್ಕಾರದ ಹಣದಿಂದಲೇ ಆಗಬೇಕಾದದ್ದು. ದೀಪದ ಕಂಬಕ್ಕೆ ಬಣ್ಣದಲ್ಲಿ ಬರೆದ ಸಂಖ್ಯೆ ಇರುತ್ತದೆ, ಅದನ್ನೂ ಗುರುತು ಹಾಕಿಕೊಳ್ಳಿ. "ಬೇಕರಿ ಪಕ್ಕದ ಕಂಬ" ಎಂಬ ದೂರಿಗೂ ಕಂಬದ ಸಂಖ್ಯೆ ಬರೆದ ದೂರಿಗೂ ಉತ್ತರ ಬರುವ ವೇಗವೇ ಬೇರೆ.

ಎಚ್ಚರಿಕೆ: ಮೂರನೆಯ ಪಟ್ಟಿ ಉದ್ದವಾಗಿರುತ್ತದೆ, ಮನಸ್ಸು ಅದಕ್ಕೇ ಜಗ್ಗುತ್ತದೆ. ಸದ್ಯಕ್ಕೆ ಆ ಪುಟ ಮಡಚಿಡಿ.

ಹಂತ 2: ಐದು ಮನೆಗಳನ್ನು ಒಪ್ಪಿಸಿ

ಐದರಲ್ಲಿ ಒಂದು ಬಾಡಿಗೆದಾರರ ಮನೆ, ಒಂದು ಅಂಗಡಿ ಇರಲೇಬೇಕು, ಅರ್ಧದಷ್ಟಾದರೂ ಹೆಂಗಸರಿರಬೇಕು. ಬಾಡಿಗೆಯವರು ಇವತ್ತಿದ್ದು ನಾಳೆ ಹೋಗುವವರು ಎಂದು ಬಿಡುವ ಸಂಘಗಳು ಬೀದಿಯ ಅರ್ಧ ಜನರನ್ನು ಮೊದಲ ದಿನವೇ ಕಳೆದುಕೊಳ್ಳುತ್ತವೆ. ಗಣೇಶನನ್ನು ಕೂರಿಸುವ, ರಾಜ್ಯೋತ್ಸವ ಮಾಡುವ ಹುಡುಗರ ಗುಂಪು ನಿಮ್ಮಲ್ಲಿದ್ದರೆ ಅವರನ್ನು ಕೇಳಿಕೊಳ್ಳಿ. ಏಣಿ, ಹಗ್ಗ, ಹಾರೆ, ತೋಳುಬಲ ಅವರ ಬಳಿಯೇ ಇರುತ್ತವೆ.

ಸೇರುವ ಜಾಗ ಎಲ್ಲರೂ ಮುಜುಗರವಿಲ್ಲದೆ ಬರುವಂಥದ್ದಾಗಿರಲಿ. ಒಂದು ಜಾತಿಯ, ಒಂದು ಧರ್ಮದ, ಒಂದು ಪಕ್ಷದ ನೆರಳು ಬೀಳುವ ಜಾಗ ಬೇಡ. ಅಂಗನವಾಡಿಯ ಅಂಗಳ, ಶಾಲೆಯ ಮುಂಭಾಗ, ಯಾರದಾದರೂ ಮನೆಯ ಜಗಲಿ ಸಾಕು. ವಾಟ್ಸ್ಆ್ಯಪ್ ಗುಂಪು ಮಾಡುವುದಾದರೆ ಬೀದಿಯ ಕೆಲಸದ ಮಾತು ಮಾತ್ರ ಎಂಬ ನಿಯಮ ಮೊದಲ ದಿನವೇ ಹಾಕಿ. ಬೆಳಗಿನ ಶುಭಾಶಯಗಳ ಚಿತ್ರಗಳಲ್ಲಿ ಮೋರಿಯ ಫೋಟೊ ಮುಳುಗಿಹೋಗಬಾರದು.

ಹಂತ 3: ಒಂದೇ ಭಾನುವಾರ ಮುಗಿಯುವ ಕೆಲಸದಿಂದ ಆರಂಭಿಸಿ

ಈ ಹಂತವನ್ನು ಹಗುರವಾಗಿ ಕಾಣಬೇಡಿ. ಮುಂದಿನ ಮೂರು ವರ್ಷದ ಭರವಸೆಗೆ ಬಂಡವಾಳ ಹುಟ್ಟುವುದು ಇಲ್ಲಿ. ಬೆಳಿಗ್ಗೆ ಏಳಕ್ಕೆ ಆರಂಭಿಸಿದ್ದು ಹತ್ತಕ್ಕೆ ಮುಗಿದು, ದಾರಿಯಲ್ಲಿ ಹೋಗುವವರು ನಿಂತು ನೋಡುವಂತಿರಬೇಕು. ಅರಳಿಕಟ್ಟೆಗೆ ಸುಣ್ಣ ಬಳಿಯುವುದು, ಶಾಲೆಯ ಕಾಂಪೌಂಡಿನ ಹರಿದ ಪೋಸ್ಟರ್‌ಗಳನ್ನು ಕೆರೆದು ತೆಗೆಯುವುದು, ಮುರಿದ ಕಲ್ಲುಬೆಂಚನ್ನು ಕೂರಿಸುವುದು, ಇಂಥವು ಒಳ್ಳೆಯ ಆರಂಭ. ಮಾಡುವ ಮುನ್ನ ಒಂದು ಫೋಟೊ, ಮಾಡಿದ ಮೇಲೆ ಅದೇ ಜಾಗದಿಂದ ಇನ್ನೊಂದು.

ಇದೇ ವಾರ ಬೀದಿದೀಪದ ದೂರನ್ನೂ ಕೊಡಿ. ಬೀದಿದೀಪ ಸಾಮಾನ್ಯವಾಗಿ ಪಾಲಿಕೆಯ ಅಥವಾ ನಗರಸಭೆಯ ಹೊಣೆ. ಜೋತುಬಿದ್ದ ತಂತಿ, ಕಿಡಿ ಹಾರುವ ಪರಿವರ್ತಕ ಬೆಸ್ಕಾಂನವರದು, ಅವರ ಸಹಾಯವಾಣಿ 1912. ಒಬ್ಬರ ದೂರನ್ನು ಇನ್ನೊಬ್ಬರ ಬಳಿ ಒಯ್ದು ವಾರಗಟ್ಟಲೆ ಕಾಯುವವರು ಬಹಳ.

ಹಂತ 4: ಮೂಲೆಯ ಕಸದ ಗುಡ್ಡೆ

ಎಲ್ಲರೂ ಸೋಲುವ ಹಂತ ಇದು, ಆದ್ದರಿಂದ ವಿಸ್ತಾರವಾಗಿ ಬರೆಯುತ್ತೇನೆ.

ನಿಮ್ಮ ಬೀದಿಯ ಗುಡ್ಡೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಕೆಳಗೆ ಎಳನೀರಿನ ಬುರುಡೆಗಳು, ಒಂದರೊಳಗೆ ಮಳೆಯ ನೀರು ನಿಂತು ಹುಳು ಆಡುತ್ತಿರುತ್ತದೆ. ಅದರ ಮೇಲೆ ಬಾಡಿದ ಸೇವಂತಿಗೆ, ಗಂಟು ಹಾಕಿದ ಹಾಲಿನ ಬಣ್ಣದ ಕವರು, ಕವರನ್ನು ನಾಯಿ ಹರಿದಿರುವುದರಿಂದ ಹೊರಬಿದ್ದ ಅನ್ನ, ಹೊಲಿಗೆ ಅಂಗಡಿಯ ಬಟ್ಟೆ ಚೂರು, ಮನೆ ದುರಸ್ತಿಯ ಸಿಮೆಂಟ್ ಹೆಂಟೆ. ಒಂದೊಂದು ಪದರಕ್ಕೂ ಒಬ್ಬೊಬ್ಬ ಯಜಮಾನರಿದ್ದಾರೆ, ಒಬ್ಬೊಬ್ಬರಿಗೂ ಒಂದು ಕಾರಣವಿದೆ. ಆ ಕಾರಣ ತಿಳಿಯುವ ಮೊದಲು ಗುಡ್ಡೆ ಎತ್ತಿಸಿದರೆ ಮೂರನೆಯ ದಿನ ಅದು ಅಲ್ಲೇ ಎದ್ದಿರುತ್ತದೆ.

ಒಂದು ವಾರ ಸುಮ್ಮನೆ ಗಮನಿಸಿ. ಯಾವ ಹೊತ್ತಿಗೆ, ಎಂಥ ಕಸ ಎಂದಷ್ಟೇ ಬರೆದುಕೊಳ್ಳಿ, ಯಾರ ಹೆಸರೂ ಬೇಡ. ತುಮಕೂರಿನಲ್ಲಿ ತಪ್ಪದೆ ಸಿಗುವ ಒಂದು ಕಾರಣ ಹೇಳುತ್ತೇನೆ: ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಬೆಳಗಿನ ರೈಲು, ಬಸ್ಸು ಹಿಡಿಯಲು ಕತ್ತಲಲ್ಲೇ ಮನೆ ಬಿಡುತ್ತಾರೆ. ಕಸದ ಆಟೊ ಬರುವುದು ಅವರು ಹೋದ ಮೇಲೆ. ಅವರು ಕೆಟ್ಟವರೇನಲ್ಲ, ಅವರ ಹೊತ್ತಿಗೂ ಆಟೊದ ಹೊತ್ತಿಗೂ ತಾಳೆಯಾಗುವುದಿಲ್ಲ ಅಷ್ಟೆ. ಅವರ ಬಕೆಟ್ಟನ್ನು ಪಕ್ಕದ ಮನೆಯವರು ಆಟೊಗೆ ಕೊಡುವ ಏರ್ಪಾಡು ಮಾಡಿದರೆ ಗುಡ್ಡೆಯ ದೊಡ್ಡ ಪಾಲು ಅಲ್ಲಿಗೆ ಕರಗುತ್ತದೆ. ಹೋಟೆಲು, ಎಳನೀರಿನ ಅಂಗಡಿಯವರದು ಬೇರೆ ಮಾತು. ಅವರ ಕಸದ ಪ್ರಮಾಣ ಮನೆಗಳ ಆಟೊಗೆ ಹಿಡಿಸುವುದಿಲ್ಲ. ಆರೋಗ್ಯ ನಿರೀಕ್ಷಕರನ್ನು (ವಾರ್ಡಿನ ನೈರ್ಮಲ್ಯ ನೋಡಿಕೊಳ್ಳುವ ಅಧಿಕಾರಿ) ಕಂಡು ಅಂಗಡಿಗಳಿಗೆ ಪ್ರತ್ಯೇಕ ಗಾಡಿಯ ಹೊತ್ತು ಕೇಳಿ.

ಕಾರಣಗಳು ಗೊತ್ತಾದ ಮೇಲೆ ಒಂದು ಬೆಳಿಗ್ಗೆ ಪೌರಕಾರ್ಮಿಕರ ಜೊತೆ ನಿಂತು ಗುಡ್ಡೆ ಎತ್ತಿಸಿ, ಜಾಗ ತೊಳೆಸಿ, ರಂಗೋಲಿ ಹಾಕಿ, ನಾಲ್ಕು ಕುಂಡ ಅಥವಾ ಒಂದು ಬೆಂಚು ಇಡಿ. ಆಮೇಲಿನ ಇಪ್ಪತ್ತೊಂದು ದಿನ ಐದು ಮನೆಯವರು ಸರದಿಯಂತೆ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ, ರಾತ್ರಿ ಒಂಬತ್ತರಿಂದ ಹತ್ತೂವರೆಯವರೆಗೆ ಅಲ್ಲಿ ಇರಬೇಕು. ಕಸ ಹಿಡಿದು ಬಂದವರಿಗೆ ಆಟೊ ಬರುವ ಹೊತ್ತು ತಿಳಿಸಿ, ಬೈಯಬೇಡಿ. ನಮ್ಮ ಬೀದಿಯಲ್ಲಿ ಹತ್ತೊಂಬತ್ತನೆಯ ರಾತ್ರಿ ಯಾರೋ ಒಂದು ಮೂಟೆ ಇಳಿಸಿ ಹೋಗಿದ್ದರು. ಬೆಳಿಗ್ಗೆ ಆರರೊಳಗೆ ಎತ್ತಿ ತೊಳೆದು ಎಂದಿನ ರಂಗೋಲಿ ಹಾಕಿದೆವು. ಮತ್ತೆ ಮೂಟೆ ಬರಲಿಲ್ಲ. ಮೊದಲ ಕವರು ಬಿದ್ದು ಒಂದು ಹಗಲು ಉಳಿದರೆ ಅದೇ ಹತ್ತು ಕವರಿಗೆ ಕರೆಯೋಲೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು:

ಗೋಡೆಗೆ ದೇವರ ಚಿತ್ರದ ಟೈಲ್ಸ್ ಅಂಟಿಸುವುದು. ಕಸ ಹತ್ತು ಹೆಜ್ಜೆ ಆಚೆ ಸರಿಯುತ್ತದೆ, ಸ್ವಲ್ಪ ದಿನಕ್ಕೆ ದೇವರ ಮುಂದೆಯೇ ಬೀಳುತ್ತದೆ. ಆ ನೋಟ ಸಹಿಸಲಾಗದು.

ಗುಡ್ಡೆಗೆ ಬೆಂಕಿ ಇಡುವುದು. ಪ್ಲಾಸ್ಟಿಕ್ಕಿನ ಹೊಗೆ ಮೊದಲು ಹೊಕ್ಕುವುದು ಪಕ್ಕದ ಮನೆಯ ತೊಟ್ಟಿಲಿಗೆ.

ಹಸಿ, ಒಣ ಬೇರೆ ಮಾಡದೆ ಕೊಡುವುದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಿಂದಲೇ ಮನೆಯಲ್ಲಿ ವಿಂಗಡಿಸುವುದು ನಮ್ಮ ಕರ್ತವ್ಯವಾಗಿದೆ. ನಮ್ಮ ನಗರದ ಕಸ ಅಜ್ಜಗೊಂಡನಹಳ್ಳಿಯ ಘಟಕಕ್ಕೆ ಹೋಗುತ್ತದೆ. ಅಲ್ಲಿ ನಮ್ಮ ಅನ್ನ, ಸಿಪ್ಪೆ ಗೊಬ್ಬರವಾಗುವುದೂ ಬಿಡುವುದೂ ನಮ್ಮ ಅಡುಗೆಮನೆಯ ಎರಡು ಬಕೆಟ್ಟಿನಲ್ಲಿ ತೀರ್ಮಾನವಾಗಿರುತ್ತದೆ. ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್ ಪ್ರತ್ಯೇಕ ಕಾಗದದಲ್ಲಿ ಸುತ್ತಿ ಕೊಡಿ. ಅದನ್ನು ಬರಿಗೈಯಲ್ಲಿ ಬಿಡಿಸುವವರು ನಮ್ಮಂತೆಯೇ ಮನೆ ಮಕ್ಕಳಿರುವವರು.

ಹಂತ 5: ಕಾಗದದ ಕೆಲಸ

ಮಡಚಿಟ್ಟ ಮೂರನೆಯ ಪಟ್ಟಿಯನ್ನು ಈಗ ತೆಗೆಯಿರಿ. ಅದರಲ್ಲಿ ಒಂದೇ ಒಂದನ್ನು ಆರಿಸಿ. ಚರಂಡಿಯೇ ಮೊದಲಾಗಲಿ ಎಂಬುದು ನನ್ನ ಸಲಹೆ, ಏಕೆಂಬುದು ಮುಂದಿನ ಹಂತದಲ್ಲಿದೆ.

ಅರ್ಜಿ ಒಂದು ಪುಟ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ದೀಪ, ನೀರು, ರಸ್ತೆ ಮೂರನ್ನೂ ಒಂದೇ ಕಾಗದದಲ್ಲಿ ಬರೆದರೆ ಅದು ಮೂರು ವಿಭಾಗಗಳ ನಡುವೆ ಅಲೆಯುತ್ತದೆ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಅಡಿ, ಎಷ್ಟು ಮನೆಗಳಿಗೆ ತೊಂದರೆ ಎಂದು ಬರೆದು ಮಳೆಯ ದಿನದ ಫೋಟೊ ಲಗತ್ತಿಸಿ. ತುಮಕೂರಿನಂತೆ ಮಹಾನಗರ ಪಾಲಿಕೆ ಇದ್ದರೆ ಆಯುಕ್ತರಿಗೆ, ನಗರಸಭೆ ಇದ್ದರೆ ಪೌರಾಯುಕ್ತರಿಗೆ ಬರೆಯಬೇಕು. ಒಂದು ಪ್ರತಿ ವಾರ್ಡ್ ಸದಸ್ಯರಿಗೆ ಹೋಗಲಿ. ಚುನಾಯಿತರ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಕಾಲವೂ ಬರುತ್ತದೆ, ಆಗ ಪ್ರತಿ ಅವರಿಗೆ ಸಲ್ಲಲಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಇದಕ್ಕೆ ಸ್ವೀಕೃತಿ ಎನ್ನುತ್ತಾರೆ. ಸ್ವೀಕೃತಿ ಇಲ್ಲದ ಅರ್ಜಿಯನ್ನು ಕೊಡದ ಅರ್ಜಿ ಎಂದೇ ತಿಳಿಯಿರಿ.

ಆಮೇಲೆ ಆ ಕಾಗದ ನಡೆಯುವ ದಾರಿ ಹೀಗಿದೆ. ಕಿರಿಯ ಎಂಜಿನಿಯರ್ ಸ್ಥಳ ನೋಡಿ ಅಂದಾಜು ಪಟ್ಟಿ ಮಾಡುತ್ತಾರೆ, ಎಷ್ಟು ಕೆಲಸಕ್ಕೆ ಎಷ್ಟು ಖರ್ಚು ಎಂಬ ಲೆಕ್ಕ ಅದು, ಮಾತಿನಲ್ಲಿ ಎಸ್ಟಿಮೇಟ್. ಬಳಿಕ ಆಡಳಿತಾತ್ಮಕ ಅನುಮೋದನೆ, ಅಂದರೆ ಈ ಕೆಲಸಕ್ಕೆ ಹಣ ಕೊಡಬಹುದೆಂಬ ಒಪ್ಪಿಗೆ. ಅದರ ನಂತರ ಟೆಂಡರ್. ಕೊನೆಗೆ ಕಾರ್ಯಾದೇಶ, ಅಂದರೆ ಗುತ್ತಿಗೆದಾರರಿಗೆ ಕೆಲಸ ಆರಂಭಿಸಲು ಕೊಡುವ ಪತ್ರ. ನೀವು ಕಚೇರಿಗೆ ಹೋದಾಗ "ಏನಾಯಿತು ಸಾರ್?" ಎಂದು ಕೇಳಿದರೆ "ಪ್ರೋಸೆಸ್‌ನಲ್ಲಿದೆ" ಎಂಬ ಉತ್ತರ ಬರುತ್ತದೆ. "ಅಂದಾಜು ಪಟ್ಟಿ ಆಗಿದೆಯೇ, ಅನುಮೋದನೆಗೆ ಹೋಗಿದೆಯೇ?" ಎಂದು ಕೇಳಿ, ಕಡತ ಇರುವ ಮೇಜು ಯಾವುದೆಂದು ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಹೋದರೆ ಸಾಕು. ವಾರಕ್ಕೊಮ್ಮೆ ಹೋಗಿ ನೀವೂ ದಣಿಯಬೇಡಿ, ಅವರನ್ನೂ ಬೇಸರಪಡಿಸಬೇಡಿ.

ಕಾಲದ ಲೆಕ್ಕ ಇಲ್ಲಿ ಮುಖ್ಯ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಆರಂಭ. ಬಜೆಟ್ ತಯಾರಿ ಅದಕ್ಕೂ ಮೊದಲಿನ ಚಳಿಗಾಲದಲ್ಲೇ ನಡೆಯುತ್ತದೆ. ಹಾಗಾಗಿ ಅರ್ಜಿ ದೀಪಾವಳಿಯ ಹೊತ್ತಿಗೆ ಕಚೇರಿಯಲ್ಲಿರಬೇಕು. ಬಜೆಟ್ ಮುನ್ನ ಸಾರ್ವಜನಿಕರ ಸಭೆ ಕರೆದರೆ ತಪ್ಪದೆ ಹೋಗಿ. ಚುನಾವಣೆಯ ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಹೊಸ ಕಾಮಗಾರಿ ಆರಂಭಿಸುವಂತಿಲ್ಲ. ನಮ್ಮ ಕಡೆ ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಆಗ ಡಾಂಬರು ಹಾಕುವುದಿಲ್ಲ. ಈ ತಿಂಗಳುಗಳನ್ನು ನೋಟ್‌ಬುಕ್ಕಿನಲ್ಲಿ ಮೊದಲೇ ಗೆರೆ ಎಳೆದು ಗುರುತಿಸಿಡಿ. ಅವು ಬಂದಾಗ ಯಾರೂ ಮೋಸ ಮಾಡಿದರೆಂದು ಅನ್ನಿಸುವುದಿಲ್ಲ.

ಉತ್ತರವೇ ಬಾರದಿದ್ದರೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆಮಾಡಿ ದೂರು ಸಂಖ್ಯೆ ಪಡೆಯಿರಿ. ಆಮೇಲಿನ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಶುಲ್ಕ 10 ರೂಪಾಯಿ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳ ಒಳಗೆ ಇರಬೇಕು. ಬಹಳ ಅರ್ಜಿಗಳು ಎಡವುವುದು ಇಲ್ಲೇ. "ಏಕೆ ಮಾಡಿಲ್ಲ?" ಎಂದು ಕೇಳಬೇಡಿ, "ಈ ದಿನಾಂಕದ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ" ಎಂದು ಕೇಳಿ. ಈ ಕಾಯ್ದೆಯನ್ನು ಮೊದಲ ತಿಂಗಳೇ ಬಳಸುವುದು ಬೇಡ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತಾಗಿ, ನಾಳೆ ಬೇಕಾಗುವ ಎಂಜಿನಿಯರ್ ಇಂದೇ ದೂರವಾಗುತ್ತಾರೆ.

ಇನ್ನೊಂದು ವಿಷಯ ಗೊತ್ತಿರಲಿ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. ತುಮಕೂರು 2011ರ ಜನಗಣತಿಯಲ್ಲೇ ಆ ಗಡಿ ದಾಟಿದೆ. ವಾರ್ಡ್ ಸಮಿತಿಯ ಸಭೆ ಯಾವಾಗ, ಹಿಂದಿನ ಸಭೆಯ ನಡವಳಿ (ಸಭೆಯಲ್ಲಿ ತೀರ್ಮಾನವಾದದ್ದರ ಬರಹ) ಎಲ್ಲಿದೆ ಎಂದು ಲಿಖಿತವಾಗಿ ಕೇಳುವುದು ನಿಮ್ಮ ಹಕ್ಕು.

ಹಂತ 6: ಕೆಲಸ ಬಂದ ದಿನ ಕಣ್ಣಿಟ್ಟಿರಿ

ಕಾಮಗಾರಿ ಮಂಜೂರಾಯಿತೆಂದು ಹಬ್ಬ ಮಾಡಿ ಮಲಗಿದ ಬೀದಿಗಳು ಆಮೇಲೆ ಹತ್ತು ವರ್ಷ ಪರಿತಪಿಸಿವೆ. ಕೆಲಸದ ಕ್ರಮ ಕೆಳಗಿನಿಂದ ಮೇಲಕ್ಕೆ ಇರಬೇಕು: ಮೊದಲು ಒಳಚರಂಡಿ ಕೊಳವೆ, ಆಮೇಲೆ ಕುಡಿಯುವ ನೀರಿನ ಕೊಳವೆ, ನೆಲದಡಿಯ ವಿದ್ಯುತ್ ಕೇಬಲ್, ಪಕ್ಕದ ಮಳೆನೀರು ಚರಂಡಿ, ಕಟ್ಟಕಡೆಗೆ ರಸ್ತೆ. ರಸ್ತೆ ಮೊದಲಾದರೆ ಅದನ್ನು ಅಗೆಯಲು ಮೂರು ಬಾರಿ ಬರುತ್ತಾರೆ. ಇದಕ್ಕಾಗಿಯೇ ಚರಂಡಿಯ ಅರ್ಜಿ ಮೊದಲಿರಲಿ ಎಂದೆ.

ಹಳೆಯ ಪೇಟೆಯ ಬೀದಿಗಳಿಗೆ ಇನ್ನೊಂದು ಅಪಾಯವಿದೆ. ಹಳೆಯ ರಸ್ತೆಯ ಪದರವನ್ನು ಕೆತ್ತಿ ತೆಗೆಯದೆ ಮೇಲೆಯೇ ಕಾಂಕ್ರೀಟ್ ಸುರಿದರೆ ರಸ್ತೆ ಅರ್ಧ ಅಡಿ ಏರುತ್ತದೆ. ಹಂಚಿನ ಮನೆಗಳ ಹೊಸ್ತಿಲು ಕೆಳಗಾಗಿ ಮಳೆನೀರು ನಡುಮನೆಗೆ ಬರುತ್ತದೆ. ಕೆಲಸ ಆರಂಭವಾಗುವ ಮುನ್ನವೇ ಅತಿ ತಗ್ಗಿನ ಮನೆಯ ಹೊಸ್ತಿಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಎಂಜಿನಿಯರರಿಗೆ ತೋರಿಸಿ, "ರಸ್ತೆ ಈ ಗೆರೆ ದಾಟಬಾರದು" ಎಂದು ಬರೆದೂ ಕೊಡಿ. ಚರಂಡಿಯ ಇಳಿಜಾರು ನೋಡಲು ಒಂದು ಕೊಡ ನೀರು ಸುರಿದರೆ ಸಾಕು, ನಿಂತರೆ ತಪ್ಪಿದೆ ಎಂದರ್ಥ. ಕಾಂಕ್ರೀಟ್ ಹಾಕಿದ ಮೇಲೆ ದಿನವೂ ನೀರುಣಿಸಬೇಕು, ಇದನ್ನೇ ಕ್ಯೂರಿಂಗ್ ಎನ್ನುವುದು. ಪಕ್ಕದ ಮನೆಯವರು ಸರದಿಯಲ್ಲಿ ಗೋಣಿಚೀಲ ನೆನೆಸಿದರೂ ರಸ್ತೆಯ ಆಯುಷ್ಯ ಹೆಚ್ಚುತ್ತದೆ. ಮರಗಳ ಬುಡಕ್ಕೆ ಸುತ್ತ ಒಂದು ಮೀಟರಿನಷ್ಟಾದರೂ ಮಣ್ಣು ಬಿಡಿಸಿ.

ಕಾಮಗಾರಿಗೆ ದೋಷ ಹೊಣೆ ಅವಧಿ ಇರುತ್ತದೆ. ಆ ಅವಧಿಯಲ್ಲಿ ಕಿತ್ತುಬಂದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು. ಎಷ್ಟು ವರ್ಷ ಎಂದು ಕೇಳಿ ಬರೆದಿಟ್ಟು, ಅದು ಮುಗಿಯುವ ಮೂರು ತಿಂಗಳ ಮೊದಲು ಒಮ್ಮೆ ರಸ್ತೆ ಪೂರ್ತಿ ನಡೆದು ಬಿರುಕುಗಳ ಪಟ್ಟಿ ಕೊಡಿ.

ಹಂತ 7: ಖಾಲಿ ತಿಂಗಳುಗಳನ್ನು ದಾಟುವ ಬಗೆ

ಕ್ರಮದಲ್ಲಿ ಇದು ಐದನೆಯ ಹಂತದ ಜೊತೆಜೊತೆಗೇ ನಡೆಯುತ್ತದೆ. ಅರ್ಜಿ ಕಚೇರಿಯಲ್ಲಿ ಮಲಗಿರುವಾಗ ಬೀದಿಯಲ್ಲಿ ಏನೋ ಒಂದು ಚಲಿಸುತ್ತಿರಬೇಕು.

ಪ್ರತಿ ಭಾನುವಾರ ಒಣದಿನ ಮಾಡಿ. ನಲ್ಲಿ ದಿನವೂ ಬಾರದ ಬೀದಿಗಳಲ್ಲಿ ಡ್ರಮ್ಮು, ತೊಟ್ಟಿ ತುಂಬಿಸಿಡುವುದು ಅನಿವಾರ್ಯ. ಡೆಂಗಿ ಹರಡುವ ಸೊಳ್ಳೆ ಹುಟ್ಟುವುದು ಇಂಥ ಶುದ್ಧ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು, ಅದಕ್ಕೇ ವಾರಕ್ಕೊಮ್ಮೆ ತೊಟ್ಟಿ ತಿಕ್ಕಿ ಒಣಗಿಸಿದರೆ ಸರಪಳಿ ಕಡಿಯುತ್ತದೆ. ಮಕ್ಕಳಿಗೆ ಈ ಕೆಲಸ ಒಪ್ಪಿಸಿ, ಮನೆಮನೆಗೆ ಹೋಗಿ ತೊಟ್ಟಿ ಇಣುಕಿ ನೋಡುವ ಅಧಿಕಾರ ಅವರಿಗೆ ಬಹಳ ಇಷ್ಟ.

ತಿಂಗಳ ಮೊದಲ ಭಾನುವಾರ ಅದೇ ಐದು ಜಾಗಗಳಿಂದ ಫೋಟೊ ತೆಗೆಯಿರಿ. ದಿನವೂ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ಎಂಟನೆಯ ತಿಂಗಳು ಯಾರೋ "ಏನೂ ಆಗಿಲ್ಲ ಬಿಡಿ" ಎಂದಾಗ ಮೊದಲ ಫೋಟೊ ತೋರಿಸಿ. ಹಳೆಯ ಗುಡ್ಡೆ, ನಾಯಿಗಳು, ಆರಿದ ದೀಪ ನೋಡಿ ಅವರು ಸುಮ್ಮನಾಗುತ್ತಾರೆ. ನೋಟ್‌ಬುಕ್ಕಿನಲ್ಲಿ ಆದ ಕೆಲಸಕ್ಕೆ ದಿನಾಂಕ ಹಾಕಿ ಗೆರೆ ಎಳೆಯುವುದನ್ನು ಎಲ್ಲರ ಎದುರಿಗೇ ಮಾಡಿ. ನನಗೆ ಗೊತ್ತಿರುವ ಭರವಸೆಯ ಸಾಧನಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದಿಲ್ಲ.

ಬಿಟ್ಟುಹೋದವರನ್ನು ದೂರಬೇಡಿ. ಮಗಳ ಪರೀಕ್ಷೆ, ಅಮ್ಮನ ಕಾಯಿಲೆ, ಅಂಗಡಿಯ ಸಾಲ, ಏನೇನೋ ಇರುತ್ತದೆ. ಯುಗಾದಿಗೆ ಬೇವುಬೆಲ್ಲ ಹಿಡಿದು ಅವರ ಮನೆಗೇ ಹೋಗಿ, ಹಲವರು ಮರಳುತ್ತಾರೆ. ಪೌರಕಾರ್ಮಿಕರನ್ನು ವರ್ಷಕ್ಕೊಮ್ಮೆ ಶಾಲು ಹೊದಿಸಿ ಸನ್ಮಾನಿಸುವುದು ಒಳ್ಳೆಯದೇ. ಆದರೆ ಬೆಳಿಗ್ಗೆ ಕುಡಿಯುವ ನೀರು, ಕೂರಲು ಜಗಲಿ ದಿನವೂ ಸಿಗುವುದು ಅದಕ್ಕಿಂತ ಮೇಲು.

ಹಂತ 8: ಮರ, ಅಂಗಡಿ, ಗಾಡಿ

ಸಸಿ ನೆಡುವುದನ್ನು ಮೊದಲ ಮಳೆಯ ಬೆನ್ನಿಗೆ, ಜೂನ್ ಜುಲೈನಲ್ಲಿ ಇಟ್ಟುಕೊಳ್ಳಿ, ಬೇಸಿಗೆಯೊಳಗೆ ಬೇರು ಇಳಿದಿರುತ್ತದೆ. ನಮ್ಮ ಬಯಲುಸೀಮೆಯ ಬೀದಿಗೆ ಹೊಂಗೆಯಂಥ ಮರ ಇನ್ನೊಂದಿಲ್ಲ. ನೀರು ಕಡಿಮೆ ಸಾಕು, ನೆರಳು ದಟ್ಟ, ಸುಡು ಬಿಸಿಲಿನ ಯುಗಾದಿಗೇ ಹೊಸ ಎಲೆ ತಳೆದು ನಿಲ್ಲುತ್ತದೆ. ಬೇವು, ನೇರಳೆಯೂ ಆಗಬಹುದು, ನೇರಳೆಯನ್ನು ಶಾಲೆಯ ಪಕ್ಕ ನೆಡಿ. ವಿದ್ಯುತ್ ತಂತಿಯ ನೇರ ಕೆಳಗೆ ಯಾವುದೂ ಬೇಡ, ಐದನೆಯ ವರ್ಷ ನೆತ್ತಿ ಕತ್ತರಿಸಲು ಬರುತ್ತಾರೆ. ನೂರು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವ ಬದಲು ಏಳು ನೆಟ್ಟು ಏಳನ್ನೂ ಉಳಿಸಿ. ಒಂದೊಂದು ಸಸಿಗೂ ಒಂದು ಮನೆಯ ಹೆಸರು ಇರಲಿ. ಫೆಬ್ರವರಿಯಿಂದ ಮೇವರೆಗೆ ವಾರಕ್ಕೆ ಎರಡು ಕೊಡ ನೀರು, ಅಕ್ಕಿ ತೊಳೆದದ್ದಾದರೂ ಸರಿ. ದೊಡ್ಡ ಮರ ಕಡಿಯಲು ಯಾರಾದರೂ ಬಂದರೆ ಅನುಮತಿ ಪತ್ರ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಬೀದಿಗೆ ಸೇರಿದ ಉದ್ಯಾನದ ಜಾಗದಲ್ಲಿ ಕಟ್ಟಡ ಏಳುವ ಸೂಚನೆ ಕಂಡರೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯನ್ನು ಉಲ್ಲೇಖಿಸಿ ಆಕ್ಷೇಪಣೆ ಸಲ್ಲಿಸಿ.

ಬೀದಿ ಚೆಂದವಾಗುತ್ತಿದ್ದಂತೆ ತಳ್ಳುಗಾಡಿಯವರನ್ನು ಎಬ್ಬಿಸಬೇಕೆಂಬ ಮಾತು ಬರುತ್ತದೆ. ದಯವಿಟ್ಟು ಅದಕ್ಕೆ ತಲೆಯಾಡಿಸಬೇಡಿ. ರಾತ್ರಿ ಹತ್ತರವರೆಗೆ ದೀಪ ಹಚ್ಚಿಕೊಂಡು ಕೂರುವ ಹೂವಿನ ಅಜ್ಜಿ, ಸೊಪ್ಪಿನ ಗಾಡಿಯವರು ಇರುವುದರಿಂದಲೇ ಆ ತಿರುವಿನಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳಲು ಆ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರ ಪ್ರತಿನಿಧಿಗಳು ಶೇಕಡ 40ಕ್ಕೆ ಕಡಿಮೆ ಇರುವಂತಿಲ್ಲ. ಗಾಡಿಗೆ ಒಂದು ಗೆರೆ, ಕಸಕ್ಕೆ ಒಂದು ಬುಟ್ಟಿ ಎಂದು ಮಾತನಾಡಿಕೊಂಡರೆ ಬೀದಿ ಇಬ್ಬರಿಗೂ ಸಾಲುತ್ತದೆ. ಹಾಗೆಯೇ ಬೀದಿ ಸುಧಾರಿಸಿದ ಕೂಡಲೇ ಬಾಡಿಗೆ ಏರಿಸಬೇಡಿ ಎಂದು ಮನೆ ಮಾಲೀಕರನ್ನು ಕೇಳಿಕೊಳ್ಳಿ. ಇಪ್ಪತ್ತೊಂದು ರಾತ್ರಿ ಮೂಲೆ ಕಾದ ಬಾಡಿಗೆದಾರರೇ ಮನೆ ಖಾಲಿ ಮಾಡುವಂತಾದರೆ ಅದು ದೊಡ್ಡ ಅನ್ಯಾಯ.

ಹಂತ 9: ಹಣ, ನೋಂದಣಿ, ನೋಟ್‌ಬುಕ್ ಒಪ್ಪಿಸುವುದು

ಮೊದಲ ವರ್ಷ ಹಣ ಸಂಗ್ರಹಿಸಬೇಡಿ. ಸುಣ್ಣ ಬೇಕಾದರೆ ಒಬ್ಬರು ಸುಣ್ಣವನ್ನೇ ಕೊಡಲಿ. ಬ್ಯಾಂಕ್ ಖಾತೆ ಬೇಕಾಗುವಷ್ಟು ಕೆಲಸ ಬೆಳೆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ನೋಂದಾಯಿಸಬಹುದು. ವರ್ಷ ವರ್ಷ ಸಭೆ ನಡೆಸಿ ಲೆಕ್ಕ ಸಲ್ಲಿಸುವ ಹೊಣೆ ಅದರ ಜೊತೆಗೇ ಬರುತ್ತದೆ. ಖರ್ಚಿನ ಚೀಟಿಯನ್ನು ಪ್ರತಿ ತಿಂಗಳು ಕಿರಾಣಿ ಅಂಗಡಿಯ ಗೋಡೆಗೆ ಅಂಟಿಸಿ. ಫಲಕದಲ್ಲಿ ಯಾರ ಹೆಸರು ಮೇಲೆ ಎಂಬ ಜಗಳ ಬಾರದಿರಲು ಬೀದಿಯ ಹೆಸರು ಬಿಟ್ಟು ಇನ್ನಾವ ಹೆಸರೂ ಬೇಡ.

ಮೂರನೆಯ ವರ್ಷದ ಕೊನೆಯಲ್ಲಿ ನೋಟ್‌ಬುಕ್ಕನ್ನು ನಿಮಗಿಂತ ಕಿರಿಯರಿಗೆ ಕೊಡಿ. ಕೊಡುವ ಮುನ್ನ ಕೊನೆಯ ಪುಟದಲ್ಲಿ ಇಷ್ಟು ಬರೆದಿರಲಿ: ಬಾಕಿ ಅರ್ಜಿಗಳ ಸ್ವೀಕೃತಿ ಎಲ್ಲಿದೆ, ದೋಷ ಹೊಣೆ ಅವಧಿ ಮುಗಿಯುವ ದಿನ ಯಾವುದು, ಹಾರೆ ಗುದ್ದಲಿ ಯಾರ ಮನೆಯಲ್ಲಿದೆ, ಬರುವ ಬೇಸಿಗೆಯಲ್ಲಿ ಮೂರನೆಯ ಕಂಬದ ಪಕ್ಕದ ಹೊಂಗೆಗೆ ನೀರು ಹಾಕುವ ಸರದಿ ಯಾರದು.